ಧ್ರುವನ ಕಲ್ಲು

ಹೊಸ ಸಾಮಾನು ಮನೆಗೆ ಬಂದರೆ ಮೊದಲು ನಂಬಬಾರದು. ಹಳೆಯದಾದರೆ ಅದರ ಹುಳುಕು ಆಗಲೇ ಹೊರಗೆ ಬಿದ್ದಿರುತ್ತದೆ, ಹೊಸದರದ್ದು ಇನ್ನೂ ಒಳಗೇ ಇರುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ ಕೆಡವುವ ಮನೆಗಳ ಬಾಗಿಲು, ಕಿಟಕಿ, ಕಂಬ ಕೊಂಡು ಮಾರುತ್ತ ಬದುಕು ಕಟ್ಟಿಕೊಂಡವನು ನಾನು. ತೋಟವಿಲ್ಲದ ಮನೆಯಲ್ಲಿ ಹುಟ್ಟಿದವನಿಗೆ ಕಣ್ಣೇ ಬಂಡವಾಳ. ಶಿರಸಿಯ ಪಾರ್ಸೆಲ್ ಆಫೀಸಿನಿಂದ ನನ್ನ ದುರ್ಬೀನಿನ ಪೆಟ್ಟಿಗೆಯನ್ನು ಯಲ್ಲಾಪುರದ ಮನೆಗೆ ತಂದ ದಿನ ಅಂಗಳದಲ್ಲಿ ಕೂತು ಒಂದೊಂದೇ ಸ್ಕ್ರೂ ಎಣಿಸಿದೆ. ಹಳೆ ಕಂಬ ಟೊಳ್ಳೋ ಗಟ್ಟಿಯೋ ಎಂದು ನೋಡುವ ಹಾಗೆ ಕೊಳವೆಯನ್ನು ಬೆರಳಿನಿಂದ ಕುಟ್ಟಿ ಸದ್ದು ಕೇಳಿದೆ.

ಎರಡು ಸಾವಿರದ ಇಸವಿ ಕಳೆದು ಎರಡು ಮೂರು ವರ್ಷವಾಗಿತ್ತು. ಈ ಹುಚ್ಚು ಮಾತ್ರ ಅದಕ್ಕಿಂತ ಹಳೆಯದು. ಪ್ರಾಯದಲ್ಲಿ ಲಾರಿಯ ಸಾಮಾನಿನ ಮೇಲೆ ಅಂಗಾತ ಮಲಗಿ ಇಡಗುಂದಿಯ ಕಡೆಯಿಂದ ಘಟ್ಟ ಇಳಿಯುವಾಗ ಮೇಲೆ ನಕ್ಷತ್ರ ಬಿಟ್ಟು ನೋಡಲು ಬೇರೇನೂ ಇರುತ್ತಿರಲಿಲ್ಲ. ಲಾರಿ ಎಷ್ಟು ತಿರುವು ತಿರುಗಿದರೂ ಉತ್ತರದ ಒಂದು ಚುಕ್ಕಿ ಮಾತ್ರ ಜಾಗ ಬಿಡುವುದಿಲ್ಲ ಎಂದು ಡ್ರೈವರ್ ತೋರಿಸಿದ್ದ. ಜಾಗ ಬಿಡದವರ ಮೇಲೆ ನನಗೆ ಅಂದಿನಿಂದಲೂ ಗೌರವ.

ಮೊದಲ ವಾರ ಸಂಜೆ ಎಂಟರ ಹೊತ್ತಿಗೆ ಶನಿಗ್ರಹ ಕಂಡಿತು. ಬಳೆ ತೊಡಿಸಿದ ಮುತ್ತಿನ ಹಾಗೆ ಎಷ್ಟು ಚೊಕ್ಕವಾಗಿತ್ತೆಂದರೆ, ಕಂಪನಿಯವನು ಒಳಗೆ ಚಿತ್ರ ಅಂಟಿಸಿ ಕಳಿಸಿದ್ದಾನೆ ಎಂದೇ ನನಗೆ ಅನುಮಾನ ಬಂತು. ಹೆಂಡತಿಯನ್ನು ಕರೆದು ಕೊಳವೆಯ ಬಾಯಿಗೆ ಪಂಚೆ ಮುಚ್ಚಲು ಹೇಳಿದೆ. ಶನಿ ಮಾಯವಾದ. ತೆಗೆಸಿದೆ, ಮತ್ತೆ ಬಂದ. ಮೂರು ಸಲ ಮಾಡಿಸಿದೆ.

"ಶನಿ ನೋಡಲೆ ಪಂಚೆ ಮುಚ್ಚವನ?" ಎಂದಳು. "ನಿಂಗಕ್ಕೆ ಆಕಾಶದ ಮೇಲೂ ನಂಬಿಕೆ ಇಲ್ಲೆ."

ಇಲ್ಲ ಎನ್ನಲು ನನಗೇನೂ ನಾಚಿಕೆಯಿಲ್ಲ. ಯಾರೇ ದುರ್ಬೀನು ಕೊಂಡರೂ ಈ ಪಂಚೆಯ ಪರೀಕ್ಷೆ ಮಾಡಿಸಿ ಎಂದು ಇಂದಿಗೂ ಹೇಳುತ್ತೇನೆ.

ಈಗ ನಮ್ಮ ಹಿತ್ತಿಲಿನ ವಿಷಯ ಹೇಳಬೇಕು. ಉತ್ತರಕ್ಕೆ ಬೇಲಿ, ಬೇಲಿಯಾಚೆ ನಮಗೆ ಹಾಲು ಕೊಡುವವಳ ಕೊಟ್ಟಿಗೆ, ಕೊಟ್ಟಿಗೆಯ ಪಕ್ಕ ಒಂದು ಹಲಸಿನ ಮರ. ಅವಳ ಗಂಡ ಕಾಡಿನ ಕೆಲಸಕ್ಕೆ ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಮನೆ ನಡೆಯುತ್ತಿದ್ದುದು ಎರಡು ಹಸುಗಳ ಮೇಲೆ. ವಾಸದ ಮನೆಗೆ ಕಾಗದವಿತ್ತು, ಕೊಟ್ಟಿಗೆ ನಿಂತ ನೆಲಕ್ಕೆ ಇರಲಿಲ್ಲ. ಆ ಓಣಿಯಲ್ಲಿ ಹಲವರದ್ದು ಅದೇ ಕಥೆ. ಸಕ್ರಮ ಮಾಡಿಕೊಡಿ ಎಂದು ಅರ್ಜಿ ಹಾಕಿ ಕಾಯುತ್ತಿದ್ದರು. ಇಷ್ಟು ವರ್ಷದಿಂದ ಕೊಟ್ಟಿಗೆ ಇಲ್ಲೇ ಇದೆ ಎಂದು ನೆರೆಯ ಇಬ್ಬರು ಸಹಿ ಹಾಕಬೇಕು ಎಂದು ಕಚೇರಿಯಲ್ಲಿ ಹೇಳಿದ್ದರಂತೆ. ಒಬ್ಬರು ಹಾಕಿದ್ದರು. ಇನ್ನೊಬ್ಬ ನಾನು. ಅವಳು ಎರಡು ಸಲ ಕೇಳಿದಾಗಲೂ ನಾನು "ನೋಡೋಣ" ಎಂದಿದ್ದೆ.

ಯಾಕೆ ಎಂದರೆ, ಅದಕ್ಕೂ ಮೂರು ವರ್ಷ ಮೊದಲು ಆ ಕೊಟ್ಟಿಗೆಯ ಜಾಗವನ್ನು ನಾನೇ ಕೇಳಿದ್ದೆ. ನನ್ನ ಮರದ ಸಾಮಾನು ಇಡಲು ಶೆಡ್ಡಿಗೆ ಹೇಳಿ ಮಾಡಿಸಿದಂಥ ಜಾಗ. ಕೊಡುವುದಿಲ್ಲ ಎಂದಳು. ನಾನು ಮಾತು ಬದಲಿಸಿದೆ, ಆಸೆ ಬದಲಿಸಲಿಲ್ಲ. ಕೈಗೆ ಬಾರದ ಮಾಲಿಗೆ ಎಂದೂ ಬಾಗಿಲು ಹಾಕಬಾರದು. ಅರ್ಜಿ ಬಿದ್ದುಹೋದರೆ ಅವಳಾಗಿಯೇ ಬರಬಹುದು ಎಂದು ಮನಸ್ಸಿನ ಮೂಲೆಯಲ್ಲಿ ಇಟ್ಟುಕೊಂಡಿದ್ದೆ.

ದುರ್ಬೀನಿಗೆ ಮೂರು ಕಾಲು, ಮೇಲೊಂದು ಓರೆಯಾದ ಅಚ್ಚು. ಆ ಅಚ್ಚು ಧ್ರುವನ ಕಡೆ ಸರಿಯಾಗಿ ತಿರುಗಿದ್ದರೆ ಒಂದೇ ತಿರುಪನ್ನು ತಿರುಗಿಸುತ್ತ ಹೋಗಬಹುದು, ನಕ್ಷತ್ರ ಕಣ್ಣಿನಿಂದ ಜಾರುವುದಿಲ್ಲ. ನಮ್ಮ ಕಡೆ ಧ್ರುವ ತೀರ ಕೆಳಗೆ. ನನ್ನ ಹಿತ್ತಿಲಿನಿಂದ ನೋಡಿದರೆ ಕೊಟ್ಟಿಗೆಯ ಮಾಡಿನ ಮೇಲೆ, ಹಲಸಿನ ಒಂದು ಟೊಂಗೆಯ ಹಿಂದೆ. ಕಾಣುವುದೇ ಇಲ್ಲ. ಹಾಗಾಗಿ ನಾನು ಮಧ್ಯಾಹ್ನದ ನೆರಳಿನಿಂದ ಉತ್ತರ ಹುಡುಕಿದೆ. ನಾಲ್ಕು ದಿನ ಬಿಸಿಲಲ್ಲಿ ತೂಗುಗುಂಡು ಕಟ್ಟಿ, ಗೂಟ ಹೊಡೆದು, ದಾರ ಎಳೆದೆ. ದುರ್ಬೀನಿನ ಮೂರು ಕಾಲಿನ ಜಾಗಕ್ಕೆ ಸುಣ್ಣದ ಗುರುತು ಹಾಕಿದೆ. ಉತ್ತರದ ಗೆರೆ ಬೇಲಿ ಮುಟ್ಟುವಲ್ಲಿ ಮೊಣಕಾಲೆತ್ತರದ ಒಂದು ಕಲ್ಲು ಹುಗಿದು ಅದಕ್ಕೂ ಸುಣ್ಣ ಬಳಿದೆ. ಧ್ರುವ ಕಾಣದಿದ್ದರೂ ಧ್ರುವನ ಕಲ್ಲು ಕಾಣುತ್ತಿತ್ತು, ದಿನಾ ಸಂಜೆ ಅಚ್ಚನ್ನು ಅದರ ನೇರಕ್ಕೇ ತಿರುಗಿಸುತ್ತಿದ್ದೆ. ಕೆಲಸ ಮುಗಿದ ಮೇಲೆ ಕೊಳವೆಯನ್ನು ಅದೇ ದಿಕ್ಕಿಗೆ ತಿರುಗಿಸಿ ಗೋಣಿ ಹೊದಿಸಿಡುತ್ತಿದ್ದೆ.

ಆಮೇಲೆ ಬೇಲಿಯ ಹತ್ತಿರ ಹೋಗಿ ಕೇಳಿದೆ, "ತಂಗೀ, ಆ ಹಲಸಿನ ಟೊಂಗೆ ಒಂದು ಕಡಿಸಬಹುದಾ? ನನಗೆ ಆ ಕಡೆ ನೋಡಲಿಕ್ಕೆ ಅಡ್ಡ ಬರ್ತದೆ."

ಅವಳು ಸೆಗಣಿಯ ಬುಟ್ಟಿ ಕೆಳಗಿಟ್ಟು ನನ್ನನ್ನೂ, ಗೋಣಿ ಹೊದ್ದ ದುರ್ಬೀನನ್ನೂ ನೋಡಿದಳು. "ಯಾವ ಕಡೆ ನೋಡ್ಲಿಕ್ಕೆ?"

"ಅದೇ, ಆ ಕಡೆ."

ಅವಳು ಬುಟ್ಟಿ ಎತ್ತಿಕೊಂಡು ಕೊಟ್ಟಿಗೆಯೊಳಗೆ ಹೋದಳು. ಮಾರನೆಯ ದಿನದಿಂದ ಹಾಲು ಬರಲಿಲ್ಲ.

ಮೂರನೆಯ ಬೆಳಿಗ್ಗೆ ಹೆಂಡತಿ ಕೇಳಿದಳು, "ಇವತ್ತೂ ಹಾಲು ಬಂಜಿಲ್ಲೆ. ನಿಂಗ ಹಾಲಿನವಳ ಹತ್ರ ಎಂತಾದ್ರೂ ಹೇಳಿದ್ರಾ? ಎನ್ನ ಕಂಡ್ರೆ ಮುಖ ತಿರುಗಿಸ್ತು."

"ಆನು ಎಂತೂ ಹೇಳಿದ್ನಿಲ್ಲೆ. ಹೋಟೆಲ್ಲಿನವರು ಹೆಚ್ಚು ಕೊಡ್ತಿ ಹೇಳಿರವು."

ನಾನು ಹಾಗೇ ನಂಬಿದ್ದೆ. ಹಾಲು ನಿಂತರೆ ಅದರ ಹಿಂದೆ ಇನ್ನೊಬ್ಬ ಗಿರಾಕಿ ಇರುತ್ತಾನೆ ಎನ್ನುವುದು ನನ್ನ ಲೆಕ್ಕ. ಹೋಟೆಲಿಗೆ ಹೋಗಿ ಚಹಾ ಕುಡಿದು, ಹಾಲು ಎಲ್ಲಿಂದ ಎಂದು ವಿಚಾರಿಸಿದೆ. ಡೈರಿಯಿಂದ ಎಂದರು. ಅದನ್ನೂ ನಂಬಲಿಲ್ಲ.

ಅದೇ ವಾರ ದುರ್ಬೀನು ಕೆಟ್ಟಿತು. ಅಂದರೆ, ಶನಿಯನ್ನು ನಡುವೆ ಹಿಡಿದು ತಿರುಪು ತಿರುಗಿಸುತ್ತ ಹೋದರೆ, ಒಂದೆರಡು ನಿಮಿಷದಲ್ಲಿ ಗ್ರಹ ಮೇಲಕ್ಕೆ ಸರಿದು ಅಂಚಿನಿಂದ ಬಿದ್ದುಹೋಗುತ್ತಿತ್ತು. ಮೊದಲು ಹಾಗಿರಲಿಲ್ಲ. ಬಂತಲ್ಲ ಹುಳುಕು ಹೊರಗೆ, ಎಂದುಕೊಂಡೆ. ಅಚ್ಚಿನ ಹಲ್ಲುಚಕ್ರ ಸವೆದ ಮಾಲು ಕೊಟ್ಟಿದ್ದಾನೆ. ದುರ್ಬೀನು ಕಳಿಸಿದ ಅಂಗಡಿಯವನಿಗೆ ಎರಡು ಪುಟದ ಪತ್ರ ಬರೆದೆ. ಶಿರಸಿಯಲ್ಲಿ ನನ್ನನ್ನು ವಿಚಾರಿಸಿ ನೋಡು, ಬಾಗಿಲಿನ ಪಟ್ಟಿಯ ಹುಳುಕಿಗೆ ಮೇಣ ತುಂಬಿ ಬಣ್ಣ ಹೊಡೆದವರನ್ನೂ ಬಿಟ್ಟವನಲ್ಲ ನಾನು, ಎಂದೆಲ್ಲ ಬರೆದೆ. ಪತ್ರ ಹಾಕುವ ಮೊದಲು ಕೊನೆಯ ಸಲ ಎಲ್ಲವನ್ನೂ ಅಳೆದು ನೋಡೋಣ ಎನ್ನಿಸಿತು. ಆಪಾದನೆ ಹೊರಿಸುವ ಮೊದಲು ಒಮ್ಮೆ ಅಳೆಯಿರಿ, ಇದೂ ನನ್ನದೊಂದು ಸಲಹೆ.

ಮಧ್ಯಾಹ್ನ ಮತ್ತೆ ನೆರಳು ನೋಡಿ ದಾರ ಎಳೆದೆ. ದಾರ ಕಲ್ಲಿನ ಮೇಲೆ ಬೀಳಲಿಲ್ಲ, ಒಂದು ಗೇಣು ಪಕ್ಕಕ್ಕೆ ಬಿತ್ತು. ಬಗ್ಗಿ ನೋಡಿದರೆ ಕಲ್ಲಿನ ಸುತ್ತ ಹೊಸ ಮಣ್ಣು. ಹಳೆಯ ಕುಳಿ ಎರಡು ಮೊಳ ಆಚೆ, ಬೇಲಿಯ ಬುಡದಲ್ಲಿತ್ತು. ತರಗೆಲೆ ಹಾಕಿ ಮುಚ್ಚಿದ್ದರು. ಯಾರೋ ಕಲ್ಲು ಕಿತ್ತು ನನ್ನ ಕಡೆಗೆ ತಂದು ಹುಗಿದಿದ್ದರು. ನೇರ ತರಬೇಕೆಂದೇ ಇದ್ದರೇನೋ, ನಡುವೆ ಹಲಸಿನ ಬೇರು ಸಿಕ್ಕಿ ಕಲ್ಲು ಓರೆಗೆ ಹೋಗಿತ್ತು. ಆ ಓರೆಗೇ ನಾನು ದಿನಾ ಅಚ್ಚು ತಿರುಗಿಸಿದ್ದೆ, ಶನಿ ಜಾರಿದ್ದು ಅದಕ್ಕೆ.

ಹಾರೆಯ ಗುರುತು ಬೇಲಿಯ ತನಕ ಇತ್ತು. ಅನುಮಾನಕ್ಕೆ ಜಾಗವೇ ಇರಲಿಲ್ಲ. ನನಗೆ ಅರ್ಥವಾಗದ್ದು ಒಂದೇ: ಕದಿಯುವವರು ಕಲ್ಲನ್ನು ಒಯ್ಯುತ್ತಾರೆ, ಮರ್ಯಾದೆಯಿಂದ ಮರಳಿ ಹುಗಿದು ಮಣ್ಣು ತುಳಿಯುವುದಿಲ್ಲ.

ಸಂಜೆ ಹಸು ಕಟ್ಟುವ ಹೊತ್ತಿಗೆ ಬೇಲಿಯ ಹತ್ತಿರ ನಿಂತೆ.

"ತಂಗೀ, ಈ ಕಲ್ಲು ಮುಟ್ಟಿದ್ದು ಯಾರು?"

"ನಾನೇ." ಅವಳು ಹಗ್ಗದ ಗಂಟು ಬಿಗಿದು ಎದ್ದಳು. "ನಿಮ್ಮ ಕಲ್ಲು ನಿಮ್ಮ ಜಾಗದಲ್ಲೇ ಅದೆಯಲ್ಲ. ಕಳ್ದು ಹೋಯ್ತಾ?"

"ಅದು ಗಡಿಕಲ್ಲಲ್ಲ. ಧ್ರುವನಕ್ಷತ್ರದ ಕಲ್ಲು."

"ನಕ್ಷತ್ರಕ್ಕೆ ಕಲ್ಲು ಹುಗಿಯೂದು ಎಲ್ಲಾದ್ರೂ ಕಂಡಿದ್ರಾ ಸಾವ್ಕಾರ್ರೇ? ನಾಲ್ಕು ದಿನ ದಾರ ಎಳೆದ್ರಿ. ಗೂಟ ಹೊಡೆದ್ರಿ. ಸುಣ್ಣ ಹಾಕಿದ್ರಿ. ಮೂರು ಕಾಲಿನ ಮೇಲೆ ಕೊಳವೆ ಇಟ್ಟು ನನ್ನ ಕೊಟ್ಗೆ ಕಡೆಗೇ ತಿರುಗಿಸಿದ್ರಿ. ನಾನೇನು ಸರ್ವೆ ನೋಡಿದವಳಲ್ಲ ಅಂದ್ಕಂಡ್ರಾ? ಕೆಳಗಿನ ಓಣಿಗೆ ಸರ್ವೆಯವ್ರು ಬಂದಾಗ ಇದೇ ಮೂರು ಕಾಲು, ಇದೇ ಕೊಳವೆ. ಆಮೇಲೆ ಅಲ್ಲಿ ಎರಡು ಕೊಟ್ಗೆ ಹೋಯ್ತು."

ನನಗೆ ನಗು ಬಂತು, ತಡೆದುಕೊಂಡೆ. "ಇದು ಸರ್ವೆಯದ್ದಲ್ಲ ಮಾರಾಯ್ತಿ. ನಾನು ಆಕಾಶ ನೋಡ್ತೇನೆ."

"ನೋಡ್ತ್ರಿ, ನೋಡ್ತ್ರಿ. ಸಾವ್ಕಾರ್ರಿಗೆ ಬಾಗಿಲು ಬೇಕಾದ್ರೆ ಮೊದ್ಲು ಕಿಟಕಿ ನೋಡ್ತ್ರು ಅಂತ ಊರಿಗೇ ಗೊತ್ತದೆ. ಬಾಗಿಲಿನ ಮಾತೇ ಎತ್ತೂದಿಲ್ಲ. ಕಿಟಕಿ ಚಲೋ ಇಲ್ಲ ಅಂತ ಎದ್ದು ಹೊರಡ್ತ್ರು. ಕಡೆಗೆ ಬಾಗಿಲು ಹೊತ್ಕಂಡು ಹೋಗ್ತ್ರು. ಈಗ ಆಕಾಶ ನೋಡ್ತಿದ್ರಂತೆ!"

ನಗು ನಿಂತಿತು. ಅದು ನನ್ನದೇ ವಿದ್ಯೆ. ಇಪ್ಪತ್ತು ವರ್ಷ ಅದರಿಂದ ಅನ್ನ ಉಂಡಿದ್ದೇನೆ. ಬೇಕಾದ ಮಾಲಿನ ಮೇಲೆ ಕಣ್ಣಿಡಬೇಡ, ಪಕ್ಕದ್ದನ್ನು ನೋಡು ಎಂದು ಎಷ್ಟೋ ಜನರಿಗೆ ಹೇಳಿಕೊಟ್ಟಿದ್ದೇನೆ.

"ಈ ಜಾಗ ಎಷ್ಟಕ್ಕೆ ಕೊಡ್ತಿ ಅಂತ ಕೇಳಿದ್ದು ನೀವು ಹೌದಾ ಅಲ್ದಾ? ಸಹಿ ಹಾಕಿ ಅಂದ್ರೆ ನೋಡೋಣ ಅಂದದ್ದು ನೀವು ಹೌದಾ ಅಲ್ದಾ? ಈಗ ಮರನೂ ಕಡೀಬೇಕು. ಯಾಕೆ, ಅಳತೆಗೆ ಅಡ್ಡ ಬರ್ತದಾ?"

ಹೌದು ಎಂದರೂ ತಪ್ಪು, ಅಲ್ಲ ಎಂದರೂ ಸುಳ್ಳು. ನಾನು ಗೋಣಿ ತೆಗೆದೆ. "ಬಾ. ನೀನೇ ಕಣ್ಣಿಟ್ಟು ನೋಡು."

ಅವಳು ಬಂದಳು, ಕೈಯಲ್ಲಿ ಕತ್ತಿ ಹಿಡಿದುಕೊಂಡೇ. ಹುಲ್ಲು ಕೊಯ್ಯುವ ಕತ್ತಿ, ಆದರೂ ಕತ್ತಿಯೇ. ಪಶ್ಚಿಮದಲ್ಲಿ ಎಳೆಯ ಚಂದ್ರನಿದ್ದ, ಅವನನ್ನು ತೋರಿಸಲು ಹೊರಟೆ.

"ಚಂದ್ರ ಬ್ಯಾಡ. ಕೊಟ್ಗೆ ತೋರ್ಸಿ."

ಕೊಳವೆಯನ್ನು ಕೊಟ್ಟಿಗೆಗೆ ತಿರುಗಿಸಿದೆ. ಅವಳು ಒಂದು ಕಣ್ಣು ಅಂಗೈಯಲ್ಲಿ ಮುಚ್ಚಿ ಬಗ್ಗಿದಳು. "ಏನೂ ಇಲ್ಲ. ಬರೀ ಮಂಜು."

"ಕಣ್ಣಿನ ಹತ್ತಿರದ ಈ ತಿರುಪು ತಿರುಗಿಸು. ಆ ಕಡೆ, ಈ ಕಡೆ, ಎಷ್ಟು ಬೇಕೋ ಅಷ್ಟು."

ತಿರುಗಿಸಿದಳು. ತುದಿಯಿಂದ ತುದಿಯ ತನಕ. ಮಂಜು ಬೆಳ್ಳಗಾಯಿತು, ಕಪ್ಪಾಯಿತು, ಕೊಟ್ಟಿಗೆಯಾಗಲಿಲ್ಲ. ಇಷ್ಟು ಹತ್ತಿರದ್ದು ಆ ದುರ್ಬೀನಿಗೆ ಹಿಡಿಯುವುದೇ ಇಲ್ಲ. ಅದು ಗೊತ್ತಾದಾಗ ಮೊದಲ ವಾರ ನಾನೂ ಕಂಪನಿಯವನನ್ನು ಬೈದುಕೊಂಡಿದ್ದೆ.

"ನೀವು ಮೊದ್ಲೇ ಕೆಡಿಸಿ ಇಟ್ಟಿದ್ರೆ?"

ಈ ಪ್ರಶ್ನೆ ನನಗೆ ಬಹಳ ಇಷ್ಟವಾಯಿತು. ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ. ಕೊಳವೆಯನ್ನು ಚಂದ್ರನಿಗೆ ತಿರುಗಿಸಿ, ಅದೇ ತಿರುಪನ್ನು ಅವಳ ಕೈಯಿಂದಲೇ ಮೆಲ್ಲಗೆ ತಿರುಗಿಸಲು ಹೇಳಿದೆ. ಕತ್ತಿ ಕೆಳಗಿಟ್ಟಳು.

"ಕುಳಿ ಕುಳಿ," ಎಂದಳು. "ದನ ಮಳೆಗಾಲದಲ್ಲಿ ತುಳಿದ ಗದ್ದೆ ಹಂಗೆ."

ನಾನು ಗೆದ್ದೆ ಎಂದುಕೊಂಡೆ. ಅವಳು ಕಣ್ಣು ತೆಗೆದು ನೆಟ್ಟಗೆ ನಿಂತು, "ಚಲೋ ಅದೆ. ಹಂಗಾದ್ರೆ ನಿಮಗೆ ಕೊಟ್ಗೆ ಜಾಗ ಬ್ಯಾಡ?" ಎಂದಳು.

"ದುರ್ಬೀನಿಗೆ ಬೇಡ."

"ದುರ್ಬೀನನ್ನ ಕೇಳ್ಲಿಲ್ಲ ನಾನು."

ಇಷ್ಟು ವರ್ಷದ ವ್ಯಾಪಾರದಲ್ಲಿ ಎದುರಿನವರು ನನ್ನನ್ನು ಹೀಗೆ ಮೂಲೆಗೆ ನಿಲ್ಲಿಸಿದ್ದು ಕಡಿಮೆ. ಹೆಂಡತಿ ಹಿತ್ತಿಲಿನ ಬಾಗಿಲಲ್ಲಿ ನಿಂತು ಎಲ್ಲ ಕೇಳುತ್ತಿದ್ದಳು. ಅವಳೂ ನನ್ನ ಬಾಯನ್ನೇ ನೋಡುತ್ತಿದ್ದಳು. ಕೊಟ್ಟಿಗೆಯಲ್ಲಿ ಹಸು ಕೊರಳ ಗಂಟೆ ಆಡಿಸಿತು. ಶೆಡ್ಡಿನ ನಕ್ಷೆ ಇನ್ನೂ ನನ್ನ ಕಪಾಟಿನಲ್ಲಿತ್ತು.

"ಕಾಗದ ತಾ," ಎಂದೆ.

ಅವಳು ಓಡಲಿಲ್ಲ. ನಿಧಾನಕ್ಕೆ ಬೇಲಿ ದಾಟಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಕಾಗದ ತಂದಳು. ನಕ್ಷತ್ರದ ಟಿಪ್ಪಣಿ ಬರೆಯುವಾಗ ಕಣ್ಣು ಕುಕ್ಕದಿರಲಿ ಎಂದು ಕೆಂಪು ಕಾಗದ ಸುತ್ತಿದ ಬ್ಯಾಟರಿ ಇಟ್ಟುಕೊಂಡಿದ್ದೆ, ಅದನ್ನು ಹೆಂಡತಿ ಹಿಡಿದಳು. ನಾನು ಈ ಮನೆಗೆ ಬರುವ ಮೊದಲೇ ಕೊಟ್ಟಿಗೆ ಇತ್ತು ಎಂದು ಅದರಲ್ಲಿ ಬರೆದಿತ್ತು. ಅದು ನಿಜ. ಪೂರ್ತಿ ಎರಡು ಸಲ ಓದಿ ಸಹಿ ಹಾಕಿದೆ. ಎರಡು ಸಲ ಓದದೆ ಯಾವುದಕ್ಕೂ ಸಹಿ ಹಾಕಬೇಡಿ, ನಿಜವಿದ್ದರೂ.

"ಕೆಂಪು ಬೆಳಕಲ್ಲಿ ಹಾಕಿದ ಸಹಿ ಹಗಲಲ್ಲಿ ಕಾಣ್ತದಾ?" ಎಂದು ಕೇಳಿ, ಕಾಗದವನ್ನು ನಮ್ಮ ಅಡುಗೆಮನೆಯ ಬಲ್ಬಿನ ಕೆಳಗೆ ಹಿಡಿದು ನೋಡಿದ ಮೇಲೆಯೇ ಅವಳು ಮಡಚಿದ್ದು.

ಮಾರನೆಯ ಬೆಳಿಗ್ಗೆ ಹಾಲು ಬಂತು. ಒಂದು ಹನಿ ಉಗುರಿನ ಮೇಲೆ ಬಿಟ್ಟು ನೋಡಿದೆ, ಜಾರಲಿಲ್ಲ, ನೀರು ಬೆರೆಸಿರಲಿಲ್ಲ. ಅಂಗಡಿಯವನಿಗೆ ಬರೆದ ಪತ್ರವನ್ನು ಒಲೆಗೆ ಹಾಕಿದೆ. ವಾರದೊಳಗೆ ಟೊಂಗೆಯೂ ಹೋಯಿತು. ನಾನು ಕೇಳಿದ್ದರಲ್ಲಿ ಅರ್ಧ ಮಾತ್ರ. ಉಳಿದರ್ಧದಲ್ಲಿ ಕಾಯಿ ಬಿಡುತ್ತದಂತೆ. ಆ ಸಂದಿನಲ್ಲಿ, ಕೊಟ್ಟಿಗೆಯ ಮಾಡಿನ ಮೇಲೆ, ಕರೆಂಟು ಹೋದ ಸಂಜೆಗಳಲ್ಲಿ ಧ್ರುವ ಮಂಕಾಗಿ ಕಾಣುತ್ತಾನೆ. ನನಗೆ ಅಷ್ಟು ಸಾಕು.

ಕಲ್ಲನ್ನು ಮತ್ತೆ ಹಳೆಯ ಕುಳಿಗೆ ಹಾಕುವಾಗ ಅವಳು ಎದುರಿಗೇ ನಿಂತಿದ್ದಳು. ಅರ್ಜಿಗೆ ಇನ್ನೂ ಉತ್ತರ ಬಂದಿರಲಿಲ್ಲ. ಅಂದಿನಿಂದ ಬೆಳಿಗ್ಗೆ ಹಾಲಿನ ಚೊಂಬು ಹಿಡಿದು ಬರುವಾಗ ಆ ಕಲ್ಲಿನಿಂದ ಕೊಟ್ಟಿಗೆಯ ಗೋಡೆಗೆ ಎಷ್ಟು ಹೆಜ್ಜೆ ಎಂದು ಎಣಿಸುತ್ತಾಳೆ, ಬಾಯಲ್ಲಿ ಬೇರೆ ಏನೋ ಮಾತಾಡುತ್ತ, ಕಣ್ಣು ನಮ್ಮ ದಾಸವಾಳದ ಗಿಡದ ಮೇಲಿಟ್ಟು. ಸಂಜೆ ದುರ್ಬೀನಿನ ಗೋಣಿ ತೆಗೆಯುವ ಮೊದಲು ನಾನೂ ಈ ಕಡೆಯಿಂದ ಆ ಕಲ್ಲಿನ ತನಕ ಹೆಜ್ಜೆ ಎಣಿಸುತ್ತೇನೆ.