ಜಾಕಿನ ಮೇಲೆ ನಿಂತ ಸ್ಪ್ರಿಂಗು

ಲಗ್ಗೆರೆಯ ನಮ್ಮ ಮನೆಯ ಪೋರ್ಟಿಕೋ ಕಾರಿಗೆಂದು ಕಟ್ಟಿಸಿದ್ದಲ್ಲ, ಕಾರೇ ಬಂದು ಅದನ್ನು ಆಕ್ರಮಿಸಿಕೊಂಡಿತು. ಸ್ಟೀರಿಂಗಿನ ಪಕ್ಕದಲ್ಲೇ ಗೇರಿನ ಕಡ್ಡಿ ಇರುವ ಹಳೇ ಕಾಲದ ಕಾರು. ಫ್ಯಾಕ್ಟರಿಯಿಂದ ನಿವೃತ್ತರಾದ ಮೇಲೆ ನನ್ನ ಗಂಡ ಅದನ್ನು ತಂದರು. ರಸ್ತೆಯ ಪ್ರತಿ ಗುಂಡಿಗೂ ಅದರ ಮುಂಭಾಗ ನರಳುತ್ತಿತ್ತು. ಈಗಿನ ಗ್ಯಾರೇಜಿನವರಿಗೆ ಲ್ಯಾಪ್‌ಟಾಪ್ ಚುಚ್ಚಿ ನೋಡಿದರಷ್ಟೇ ಕಾಯಿಲೆ ಗೊತ್ತಾಗುವುದು, ಇದರಲ್ಲಿ ಚುಚ್ಚಲು ಜಾಗವೇ ಇಲ್ಲ. ಹಾಗಾಗಿ ಮುಂದಿನ ಚಕ್ರಗಳ ಸಸ್ಪೆನ್ಷನ್ ಮನೆಯಲ್ಲೇ ಬಿಚ್ಚುವುದೆಂದು ತೀರ್ಮಾನವಾಯಿತು. ತೀರ್ಮಾನ ಅವರದು, ಸಹಾಯ ನನ್ನದು. ನಮ್ಮ ಸಂಸಾರವೆಲ್ಲ ನಡೆದಿರುವುದೇ ಹೀಗೆ.

ಮಧ್ಯಾಹ್ನ ಊಟವಾದ ಮೇಲೆ ಶುರು ಮಾಡಿದೆವು. ಕಾರಿನ ಮೂತಿ ಸ್ಟ್ಯಾಂಡಿನ ಮೇಲಿತ್ತು, ಬಿಚ್ಚಿದ ಎಡ ಚಕ್ರ ಗೋಡೆಗೆ ಒರಗಿತ್ತು. ಚಕ್ರವಿದ್ದ ಜಾಗದ ಹಿಂದೆ ತೊಡೆಗಾತ್ರದ ಸ್ಪ್ರಿಂಗೊಂದು ಮುದುಡಿ ಕೂತಿತ್ತು. ಅದರ ಕೆಳಗಿರುವ ಕಬ್ಬಿಣದ ತೋಳಿಗೆ ಜಾಕ್ ಕೊಟ್ಟು, ಮೇಲಿನ ಬೋಲ್ಟು ತೆಗೆದು, ಆಮೇಲೆ ಜಾಕನ್ನು ನಿಧಾನವಾಗಿ ಇಳಿಸಬೇಕು. ಸ್ಪ್ರಿಂಗು ಸ್ವಲ್ಪಸ್ವಲ್ಪವೇ ಬಿಚ್ಚಿಕೊಂಡು ಸುಮ್ಮನಾಗುತ್ತದಂತೆ.

"ಜಾಕ್ ಜಾರಿದ್ರೆ ಏನ್ರೀ ಆಗುತ್ತೆ?" ಎಂದು ಕೇಳಿದೆ.

"ಜಾರಲ್ಲ ಕಣೇ."

ನಾನು ಕೇಳಿದ್ದಕ್ಕೆ ಇದು ಉತ್ತರವಲ್ಲ.

ಅವರು ಬೋಲ್ಟು ತೆಗೆದು, ಆ ತೋಳು ತಿರುಗದಂತೆ ಎರಡೂ ಕೈಯಲ್ಲಿ ಹಿಡಿದು, ಮುಖವನ್ನು ಸ್ಪ್ರಿಂಗಿನ ಎದುರಿಗೇ ಇಟ್ಟುಕೊಂಡು ಕೂತರು. ನಾನು ಜಾಕಿನ ಹಿಡಿ ಹಿಡಿದೆ. ಇನ್ನೂ ಒಂದು ಸುತ್ತು ತಿರುಗಿಸಿರಲಿಲ್ಲ, ಧಡ್ ಎಂದಿತು. ನೆಲ ಅದುರಿತು. ಜಾಕಿನ ತಲೆ ಒಂದು ಕೂದಲೆಳೆಯಷ್ಟು ಪಕ್ಕಕ್ಕೆ ಸರಿಯಿತು.

ಪಕ್ಕದ ಶೆಡ್ಡಿನ ಪ್ರೆಸ್ಸು. ಅಲ್ಲಿನವರ ಊಟದ ಬಿಡುವು ಮುಗಿದಿತ್ತು. ಪೀಣ್ಯದ ಕಂಪನಿಗಳಿಗೆ ತಗಡಿನ ಬಿಲ್ಲೆ ಒತ್ತಿಕೊಡುವ ಆ ಯಂತ್ರ ಬೆಳಗಿನಿಂದ ಸಂಜೆಯವರೆಗೆ ನಮ್ಮ ಗೋಡೆಯನ್ನು ಗುದ್ದುತ್ತದೆ. ಮನೆಗೆ ಬಂದ ನೆಂಟರು ಬೆಚ್ಚಿಬಿದ್ದರೆ ನಾವು ಏನಾಯಿತು ಎಂದು ಅವರನ್ನೇ ಕೇಳುತ್ತೇವೆ. ಅಷ್ಟು ರೂಢಿಯಾಗಿಬಿಟ್ಟಿದೆ. ಜಾಕ್ ಇಡುವಾಗ ಇಬ್ಬರಿಗೂ ಅದರ ನೆನಪೇ ಬಂದಿರಲಿಲ್ಲ.

ಧಡ್. ಜಾಕ್ ಇನ್ನಷ್ಟು ಸರಿಯಿತು.

"ರೀ, ಬಿಟ್ಟು ಈಚೆ ಬನ್ನಿ!"

"ಬಿಟ್ರೆ ತೋಳು ತಿರುಗಿ ಸ್ಪ್ರಿಂಗು ಹಾರುತ್ತೆ. ಇಬ್ರಿಗೂ ಹೊಡೆಯುತ್ತೆ."

"ಓಡ್ಹೋಗಿ ಪ್ರೆಸ್ ನಿಲ್ಸಿ ಅನ್ಲಾ?"

"ಅಷ್ಟೊತ್ತು ತಡೆಯಲ್ಲ ಇದು. ಇಳ್ಸು. ಧಡ್ ಅಂದ್ಮೇಲೆ ತಿರುಗ್ಸು, ಇನ್ನೊಂದು ಬೀಳೋದ್ರೊಳಗೆ ನಿಲ್ಸು."

ದೇವರ ಹೆಸರೊಂದೂ ನಾಲಿಗೆಗೆ ಬರಲಿಲ್ಲ. ಧಡ್, ಅರ್ಧ ಸುತ್ತು. ಧಡ್, ಅರ್ಧ ಸುತ್ತು. ನಡುವೆ ಶೆಡ್ಡಿನಲ್ಲಿ ಯಾರೋ ಏನೋ ಅಂದರು, ಎಲ್ಲರೂ ನಕ್ಕರು, ಹೊಡೆತ ತಡವಾಯಿತು. ತಿರುಗಿಸಲೋ ಬೇಡವೋ ಎಂದು ಹಿಡಿ ಹಿಡಿದುಕೊಂಡೇ ಕಾದೆ. ಹೊಡೆತಕ್ಕಿಂತ ಆ ಕಾಯುವುದೇ ಭಯಂಕರವಾಗಿತ್ತು. ಅವರ ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಈ ಮುಖ ನನಗೆ ಹೀಗೇ ಬೇಕು, ಏನೂ ಆಗದೆ ಬೇಕು ಎನ್ನುವುದೊಂದೇ ತಲೆಯಲ್ಲಿದ್ದದ್ದು.

ಕೊನೆಗೆ ಸ್ಪ್ರಿಂಗು ಸಡಿಲವಾಗಿ, ಕೂತಿದ್ದ ಜಾಗದಿಂದ ಕಳಚಿ, ನೆಲಕ್ಕೆ ಬಿದ್ದು ಗೋಡೆಯವರೆಗೆ ಉರುಳಿತು. ಅಷ್ಟೇ.

ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಅತ್ತು ಮುಗಿದ ಮೇಲೆ ಬೈದೆ. ಅವರನ್ನು, ಕಾರನ್ನು, ಅದನ್ನು ಮಾರಿದವನನ್ನು, ಯಾರನ್ನೂ ಬಿಡಲಿಲ್ಲ. ಅವರು ಒಳಗೆ ಹೋಗಿ ನೀರು ತಂದುಕೊಟ್ಟರು. ಅರ್ಧ ಲೋಟ ದಾರಿಯಲ್ಲೇ ಚೆಲ್ಲಿತ್ತು.

"ಭಾನುವಾರ ಪ್ರೆಸ್ಸಿಗೆ ರಜ," ಎಂದರು. "ಆ ಕಡೇದು ಅವತ್ತು ಬಿಚ್ಚೋಣ."

ಕಾರಿಗೆ ಬಲಗಡೆಯೂ ಒಂದು ಚಕ್ರವಿದೆ, ಅದರ ಹಿಂದೆಯೂ ಇಂಥದ್ದೇ ಸ್ಪ್ರಿಂಗಿದೆ ಎಂಬುದು ನನಗೆ ಮರೆತೇಹೋಗಿತ್ತು. ಆಗುವುದೇ ಇಲ್ಲ ಎನ್ನಲು ಬಾಯಿ ತೆರೆದೆ. ಆದರೆ ಇವರ ಗುಣ ನನಗೆ ಗೊತ್ತು. ನಾನು ಒಲ್ಲೆ ಎಂದರೆ, ನಾನು ತರಕಾರಿಗೆ ಹೋಗುವುದನ್ನೇ ಕಾದು, ಒಂದು ಕೈಯಲ್ಲಿ ಆ ತೋಳು, ಇನ್ನೊಂದರಲ್ಲಿ ಜಾಕು ಹಿಡಿದು ಒಬ್ಬರೇ ಕೂತುಬಿಡುತ್ತಾರೆ.

"ಅವತ್ತು ತಿಂಡಿ ಮುಗಿಸ್ಕೊಂಡು ಬರ್ತೀನಿ," ಎಂದೆ. "ನಾನು ಬರೋವರ್ಗೂ ಮುಟ್ಟಬೇಡಿ."