ಲೈಟ್ ಸ್ಟ್ಯಾಂಡಿಗೆ ಹಾಕಿದ ದ್ರಾಕ್ಷಿ ಗಂಟು

ನಾನು ಮೊದಲೇ ಸಂಶಯದ ಪ್ರಾಣಿ. ಮೊಸರಿನಲ್ಲಿ ಕಲ್ಲು ಹುಡುಕುವವರು ಇರುತ್ತಾರಲ್ಲ, ನನ್ನ ಹೆಂಡತಿಯ ಪ್ರಕಾರ ನಾನು ಕಲ್ಲು ಸಿಗದಿದ್ದರೆ ಮೊಸರನ್ನೇ ಚೆಲ್ಲುವವನು. ಚಿಕ್ಕೋಡಿಯಲ್ಲಿ ಮದುವೆ ವಿಡಿಯೊ ಮಾಡಿ ಬದುಕುವವನಿಗೆ ಈ ಗುಣ ಬರದೆ ಏನು ಮಾಡೀತು? ನಗುವ ಬೀಗರ ಮುಖವನ್ನು ಲೆನ್ಸಿನಲ್ಲಿ ಹತ್ತಿರ ತಂದು ನೋಡಿದವರಿಗೆ ಗೊತ್ತು, ಆ ನಗು ಎಷ್ಟು ನಿಜವೆಂದು. ಆದರೆ ಒಂದೇ ಒಂದು ಆಸೆಯನ್ನು ಮಾತ್ರ ಸಂಶಯ ಸೋಕದಂತೆ ಇಟ್ಟುಕೊಂಡಿದ್ದೆ. ಸಾಯುವುದರೊಳಗೆ ಒಂದು ಸಿನಿಮಾಕ್ಕೆ ಕ್ಯಾಮೆರಾ ಹಿಡಿಯಬೇಕು, ಛಾಯಾಗ್ರಹಣ ಎಂದು ಪರದೆಯ ಮೇಲೆ ನನ್ನ ಹೆಸರು ಬರಬೇಕು.

ಅದಕ್ಕೇ ನಿಪ್ಪಾಣಿಯ ಒಬ್ಬ ನಿರ್ಮಾಪಕ ಕರೆದ ಕೂಡಲೇ ಓಡಿದೆ. ತಂಬಾಕಿನ ವ್ಯಾಪಾರ ಬಿಟ್ಟು ಸಿನಿಮಾಕ್ಕೆ ಇಳಿದಿದ್ದೇನೆ ಎಂದ. ಚಿತ್ರ ಕನ್ನಡ, ಮರಾಠಿ ಎರಡರಲ್ಲೂ ಬರುತ್ತದಂತೆ. ಮೊದಲು ಒಂದು ಹಾಡು, ಅದೂ ಇಟಲಿಯಲ್ಲಿ.

"ದ್ರಾಕ್ಷಿ ತ್ವಾಟದಾಗ ಹಾಡು, ಭಾವು. ಏಕದಮ್ ಝಕಾಸ್!"

"ದ್ರಾಕ್ಷಿ ನಮ್ಮ ಅಥಣ್ಯಾಗೂ ಐತಲ್ರಿ?"

"ಟಾಕೀಜಿಗೆ ರೊಕ್ಕಾ ಕೊಟ್ಟ ಬಂದ ಅಥಣಿ ಯಾರ ನೋಡ್ತಾರ?"

ಮಾತು ಸರಿ ಅನ್ನಿಸಿತು. ಪಾಸ್‌ಪೋರ್ಟ್ ಕೊಟ್ಟು ಬಂದೆ. ಆಮೇಲಿನ ಎರಡು ವಾರ ಮನೆಯಲ್ಲಿ ಬರೀ ಇಟಲಿ. ಅಲ್ಲಿ ಸೂರ್ಯ ಎಷ್ಟಕ್ಕೆ ಹುಟ್ಟುತ್ತಾನೆ, ಯಾವ ಗುಡ್ಡದ ಮೇಲೆ ಮೊದಲ ಬಿಸಿಲು ಬೀಳುತ್ತದೆ, ನಮ್ಮ ಚಾರ್ಜರಿನ ಪಿನ್ನು ಅಲ್ಲಿಯ ಗೋಡೆಗೆ ಹೊಂದುತ್ತದೋ ಇಲ್ಲವೋ, ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದೆ. ಅದನ್ನು ನಿರ್ಮಾಪಕನ ಮುಂದಿಟ್ಟರೆ ಅವನು ಹಾಳೆ ತಿರುವಲೂ ಇಲ್ಲ. ಯಾವ ಕ್ಯಾಮೆರಾ ಒಯ್ಯೋಣ ಎಂದೆ. "ನಿನ್ನ ಮದುವೀದ ಒಯ್ಯಿ," ಎಂದ. ನಾಯಕಿ ಯಾರು ಎಂದೆ. "ಅಲ್ಲೇ ಸಿಗ್ತಾಳ ಬಿಡು," ಎಂದ. ನಾಯಕಿ ಏನು ಸಂತೆಯ ಮೆಣಸಿನಕಾಯಿಯೇ, ಹೋದಲ್ಲಿ ಸಿಗಲು?

ಮೇಜಿನ ಮೇಲಿದ್ದ ತಂಡದ ಪಟ್ಟಿಯನ್ನು ಕದ್ದು ಓದಿದೆ. ಒಟ್ಟು ಹತ್ತು ಜನ. ಅದರಲ್ಲಿ ಏಳು ಮಂದಿ ಲೈಟಿನ ಸಹಾಯಕರು. ಹಾಡಹಗಲು, ಬಯಲಿನಲ್ಲಿ ತೆಗೆಯುವ ಹಾಡಿಗೆ ಏಳು ಲೈಟಿನವರು! ಅಂದಿನಿಂದ ನನಗೆ ಊಟ ರುಚಿಸಲಿಲ್ಲ.

ವೀಸಾ ಅರ್ಜಿಯ ಜೊತೆ ತಂಡ ಕೆಲಸ ಮಾಡುತ್ತಿರುವ ಫೋಟೊ ಇಡಬೇಕೆಂದು ನಿರ್ಮಾಪಕ ಒಂದು ಬೆಳಿಗ್ಗೆ ಎಲ್ಲರನ್ನೂ ಕರೋಶಿಯ ಒಂದು ಹೊಲಕ್ಕೆ ಕರೆಸಿದ. ಬಾಡಿಗೆಯ ಲೈಟುಗಳು ಬಂದಿದ್ದವು. ನಾನು ಕ್ಯಾಮೆರಾ ಹೆಗಲಿಗೇರಿಸಿ ನಿಂತೆ. ಆ ಏಳು ಜನ ಲೈಟ್ ಸ್ಟ್ಯಾಂಡಿಗೆ ವೈರು ಕಟ್ಟತೊಡಗಿದರು.

ಲೈಟಿನ ಕೆಲಸದವರು ವೈರನ್ನು ಟೇಪು ಸುತ್ತಿ ಬಿಗಿಯಾಗಿ ಕೂರಿಸುತ್ತಾರೆ. ಇವರು ಸುತಳಿ ತೆಗೆದರು. ಇಂಗ್ಲಿಷ್ ಎಂಟರ ಆಕಾರದಲ್ಲಿ ಒಮ್ಮೆ ಹಾಯಿಸಿ, ಒಂದು ಬೆರಳು ತೂರುವಷ್ಟು ಸಡಿಲ ಬಿಟ್ಟು ಗಂಟು ಹಾಕಿದರು. ಅದು ನನಗೆ ಚೆನ್ನಾಗಿ ಗೊತ್ತಿದ್ದ ಗಂಟು. ನನ್ನ ಹೆಂಡತಿಯ ತವರು ಅಥಣಿ ಕಡೆ, ಅವರದು ದ್ರಾಕ್ಷಿ ತೋಟ. ಬಳ್ಳಿಯ ಕಡ್ಡಿಯನ್ನು ತಂತಿಗೆ ಹಾಗೇ ಕಟ್ಟುತ್ತಾರೆ, ಮುಂದೆ ದಪ್ಪಗಾಗಲು ಜಾಗ ಬೇಕೆಂದು. ಏಳೂ ಜನ ವೈರಿಗೆ ಬೆಳೆಯಲು ಜಾಗ ಬಿಟ್ಟಿದ್ದರು!

ಅವರಲ್ಲಿ ನಲವತ್ತು ದಾಟಿದ ಕಬ್ಬೂರಿನವನೊಬ್ಬನನ್ನು ಚಹಾಕ್ಕೆಂದು ಪಕ್ಕಕ್ಕೆ ಕರೆದೆ.

"ಯಾರ ತ್ವಾಟದಾಗ ಕೆಲಸ ಮಾಡ್ತೀಯೋ?"

ಅವನು ಬೆಚ್ಚಿದ. ಆಮೇಲೆ ಸಣ್ಣಗೆ ನಕ್ಕ. "ಅಥಣಿ ಕಡೆ ಚಾಟಣಿ ಮಾಡ್ತೀನ್ರಿ, ದ್ರಾಕ್ಷಿ ಕಡ್ಡಿ ಕತ್ತರಸೂ ಕೆಲಸ. ಕತ್ತರಿ ಹಿಡ್ದ ಕೈ ಅಡಗಸಾಕ ಬರೂದಿಲ್ಲ ನೋಡ್ರಿ."

"ಇಟಲಿಯಾಗ?"

"ಅಲ್ಲೂ ಅದ ಕೆಲಸಾರಿ. ಇಳದ ಕೂಡ್ಲೆ ಒಬ್ಬಾಂವ ಬಂದ ಕರ್ಕೊಂಡ ಹೋಗ್ತಾನಂತ."

"ಮತ್ತ ಹಾಡು?"

"ಯಾವ ಹಾಡ್ರಿ?"

ಇಷ್ಟು ದಿನ ಸಂಶಯಪಟ್ಟಿದ್ದೆ ನಿಜ, ಆದರೆ ಅದು ಸುಳ್ಳಾಗಲಿ ಎಂದೇ ಪಟ್ಟಿದ್ದೆ. ಅವನಿಗೆ ಹೇಳಿದೆ: ಹಾಡಿಗೆಂದು ಸಿಗುವ ವೀಸಾ ಹಾಡಿನಷ್ಟೇ ದಿನದ್ದು. ಅದು ಮುಗಿದ ಮೇಲೆ ನೀನು ಅಲ್ಲಿ ಕಳ್ಳ. ಕೂಲಿ ಕೊಡದಿದ್ದರೂ ಕೇಳುವಂತಿಲ್ಲ, ಕಾಯಿಲೆ ಬಿದ್ದರೆ ಕರೆದುಕೊಂಡು ಬರುವವರಿಲ್ಲ. ಮರುದಿನ ಅವನು ನನ್ನ ಜೊತೆ ನಿಪ್ಪಾಣಿಗೆ ಬಂದ.

ನಾನು ನಿರ್ಮಾಪಕನನ್ನು ಕೇಳಿದ್ದು ಒಂದೇ ಮಾತು: "ತಿರುಗಿ ಬರೂ ಟಿಕೆಟ್ ತೋರಸ್ರಿ."

"ಪೊಲೀಸರಿಗೆ ಹೇಳಾಂವೇನ ನೀ?" ಎಂದು ಎದ್ದು ನಿಂತ. ನಾನು ಪೊಲೀಸರ ಹೆಸರೇ ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಇಬ್ಬರ ಪಾಸ್‌ಪೋರ್ಟುಗಳನ್ನೂ ಮೇಜಿನ ಮೇಲೆ ಎಸೆದ.

ಚಿಕ್ಕೋಡಿಯ ಬಸ್ಸಿನಲ್ಲಿ ಕಬ್ಬೂರಿನವನು ಉಳಿದ ಆರು ಜನರಿಗೂ ಫೋನ್ ಹಚ್ಚಿ ಸಂಗತಿ ತಿಳಿಸಿದ. ನಾನು ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದೆ. ಸಿನಿಮಾ ಹೋಯಿತು, ಹೆಸರೂ ಹೋಯಿತು. ನನ್ನ ಮುಖ ನೋಡಿ ಅವನಿಗೆ ಕನಿಕರ ಬಂದಿರಬೇಕು. ಹತ್ತಿರ ಸರಿದು ಸಮಾಧಾನ ಹೇಳಿದ.

"ನಿಮಗೂ ಭಾಳ ಲುಕ್ಸಾನ ಆತ ಬಿಡ್ರಿ. ನಾವ್ ಏಳೂ ಮಂದಿ ಸಿಕ್ಕ ಬೀಳ್ತಿದ್ವಿ. ನೀವ್ ಮಾತ್ರ ಕ್ಯಾಮೆರಾ ಹಿಡದ ನಿಂತ್ರ ಥೇಟ್ ಸಿನಿಮಾದಾವ್ರಂಗ ಕಾಣ್ತಿದ್ರಿ. ಯಾಂವಗೂ ಸಂಶೇ ಬರ್ತಿರ್ಲಿಲ್ಲ. ಎಷ್ಟ ದಿನದಾಗ ಕಲ್ತ್ರಿ?"

"ಇಪ್ಪತ್ತ ವರ್ಷ ಹಿಡೀತು," ಎಂದೆ.

ಚೇಷ್ಟೆ ಮಾಡುತ್ತಿದ್ದೇನೆ ಎಂದುಕೊಂಡು ಅವನು ತೊಡೆ ತಟ್ಟಿ ನಕ್ಕ. ನನಗೆ ಅಳು ಬಂತು.