ತೊಡೆಯ ಪರೀಕ್ಷೆಯಲ್ಲಿ ಫೇಲಾದ ಕೋಳಿ

ನಮ್ಮ ಚಿಕ್ಕಮ್ಮ ಸಾಕುವ ಕೋಳಿಗಳನ್ನು ಸುತ್ತಮುತ್ತಲಿನವರು ‘ಸಾಧು ಕೋಳಿ’ ಎನ್ನುತ್ತಾರೆ. ಬೂದಿ ಬಣ್ಣ, ಕಾಲ್ಬೆರಳಿನವರೆಗೂ ಗರಿ. ನಡೆದರೆ ಉದ್ದ ಲಂಗದವರು ಕೆಸರು ದಾಟಿದ ಹಾಗಿರುತ್ತದೆ. ಬೆಕ್ಕು ಬಂದರೂ ಓಡುವುದಿಲ್ಲ. ಬೆಕ್ಕೇ ನಾಚಿಕೊಂಡು ಹೋಗುತ್ತದೆ. ಚಿಕ್ಕಮ್ಮ ಮದುವೆಯಾಗಿ ಈ ತೋಟಕ್ಕೆ ಬಂದಾಗ ಅವರ ಅತ್ತೆ ಒಂದು ಜೋಡಿಯನ್ನು ಕೈಗಿತ್ತು, “ಮನೇಲಿ ನಾನೊಬ್ಬಳು ಜೋರಾಗಿದ್ರೆ ಸಾಕು, ಕೋಳಿಗಳು ಮೆತ್ತಗಿರ್ಲಿ” ಎಂದಿದ್ದರಂತೆ. ಆ ಮಾತನ್ನು ಚಿಕ್ಕಮ್ಮ ನಲವತ್ತು ವರ್ಷ ಚಾಚೂ ತಪ್ಪದೆ ಪಾಲಿಸಿದರು.

ಹೇಗೆಂದರೆ, ಮರಿಗಳಿಗೆ ಮೂರು ತಿಂಗಳು ತುಂಬಿದ ಬೆಳಿಗ್ಗೆ ಹಿತ್ತಲ ಬೆಂಚಿನ ಮೇಲೆ ಟೀ ಲೋಟ ಹಿಡಿದು ಕೂರುತ್ತಾರೆ. ಚಿಕ್ಕಪ್ಪ ಒಂದೊಂದನ್ನೇ ತಂದು ಅವರ ತೊಡೆಯ ಮೇಲಿಡಬೇಕು. ನಾಲ್ಕು ಗುಟುಕು ಟೀ ಮುಗಿಯುವವರೆಗೆ ಸುಮ್ಮನೆ ಕೂತದ್ದು ಪಾಸು, ವಂಶಕ್ಕೆ ಉಳಿಯಿತು. ಕುಟುಕಿದ್ದು ಫೇಲು, ಬಡಗಿಯ ಮನೆಗೆ ಹೋಯಿತು. ಬಡಗಿಗೆ ಕೋಳಿಯ ರುಚಿ ಮುಖ್ಯ, ಗುಣ ಅಲ್ಲ. ಗುಟುಕಿಗೂ ಕುಟುಕಿಗೂ ಇರುವ ಒಂದಕ್ಷರದ ಅಂತರದಲ್ಲಿ ಕೋಳಿಯ ಹಣೆಬರಹ ನಿಂತಿತ್ತು. ನಾನು ಓದಿದ ಕಾನ್ವೆಂಟಿನ ಸಿಸ್ಟರುಗಳೂ ನಡತೆಗೆ ಇಷ್ಟು ಬಿಗಿಯಾಗಿ ಅಂಕ ಕೊಟ್ಟವರಲ್ಲ.

ಕಳೆದ ವರ್ಷ ಇದ್ದೊಂದು ಹುಂಜ ವಯಸ್ಸಾಗಿ ಸತ್ತುಹೋಯಿತು. ದನದ ಡಾಕ್ಟರು ನಾಲ್ಕಾರು ಕಡೆ ಫೋನು ಮಾಡಿ, ಈ ತಳಿ ಬೇರೆ ಯಾರ ಬಳಿಯೂ ಉಳಿದಿಲ್ಲ ಎಂದರು.

“ಹುಂಜ ಹೋದ ಮೇಲೂ ಒಂದು ವಾರ ಇಡೋ ಮೊಟ್ಟೇಲಿ ಜೀವ ಇರತ್ತಮ್ಮ. ಅದ್ರಲ್ಲಿ ಒಂದಾದ್ರೂ ಹುಂಜ ಆದ್ರೆ ವಂಶ ಉಳೀತು. ಇಲ್ಲಾಂದ್ರೆ ಇಲ್ಲಿಗೆ ಮುಗೀತು.”

ಸಿಕ್ಕಿದ್ದು ಹನ್ನೊಂದು ಮೊಟ್ಟೆ. ಅತ್ತೆಯ ಕಾಲದಿಂದ ಬಂದದ್ದೆಲ್ಲ ಈಗ ಹುಲ್ಲು ಹಾಸಿದ ಒಂದು ಬುಟ್ಟಿಯೊಳಗಿತ್ತು. ಚಿಕ್ಕಮ್ಮ ಅಡುಗೆಮನೆಗೆ ಹೋಗುವಾಗಲೂ ಆ ಬುಟ್ಟಿಯನ್ನು ಸುತ್ತು ಹಾಕಿಯೇ ಹೋಗುತ್ತಿದ್ದರು.

ಕಾವಿಗೆ ಕೂರಿಸುವುದು ಯಾರನ್ನು? ಇದ್ದ ಐದು ಹೇಂಟೆಗಳಲ್ಲಿ ಒಂದನ್ನು ಕೂರಿಸಿದರು. ಇನ್ನೊಂದು ಬಂದು ಗೂಡಿನ ಮುಂದೆ ನಿಂತದ್ದೇ ತಡ, ಕೂತದ್ದು ಎದ್ದು ಜಾಗ ಬಿಟ್ಟಿತು, ಬಸ್ಸಿನಲ್ಲಿ ಹಿರಿಯರಿಗೆ ಸೀಟು ಬಿಟ್ಟ ಹಾಗೆ. ಎರಡನೆಯದು ಮೂರನೆಯದಕ್ಕೆ ಬಿಟ್ಟಿತು. ಒಂದನ್ನೇ ಪೆಟ್ಟಿಗೆಯೊಳಗೆ ಬಾಗಿಲು ಹಾಕಿ ಕೂರಿಸಿದರೆ, ಚಿಕ್ಕಮ್ಮನ ದನಿ ಕೇಳಿದ್ದೇ ಎದ್ದು ಬಾಗಿಲಿಗೆ ಬಂತು. ಮೊಟ್ಟೆಗಳು ತಣ್ಣಗಾಗುತ್ತಿದ್ದವು. ನಾಲ್ಕೈದು ವರ್ಷದಿಂದ ಮರಿಗಳು ಯಾಕೆ ಕಡಿಮೆಯಾಗುತ್ತಿವೆ ಎಂಬುದು ಆಗ ಹೊಳೆಯಿತು. ಅಲ್ಲಿಯವರೆಗೆ ಚಿಕ್ಕಮ್ಮ ಬೈದದ್ದು ಬಿಸಿಲನ್ನು.

“ನನ್ನ ಮೆಷಿನ್ ಇದೆಯಲ್ಲೇ” ಎಂದರು ಚಿಕ್ಕಪ್ಪ. ಹಳೇ ಫ್ರಿಜ್ಜಿನೊಳಗೆ ಬಲ್ಬು ಕಟ್ಟಿ ಅವರೇ ಮಾಡಿದ ಯಂತ್ರ ಅದು.

“ಹೋದ ಸಲ ಅದ್ರಿಂದ ಬಂದಿದ್ದು ಮರಿ ಅಲ್ಲ ರೀ, ಬೇಯಿಸಿದ ಮೊಟ್ಟೆ. ಉಪ್ಪೊಂದು ಹಾಕೋದು ಬಾಕಿ ಇತ್ತು.”

ಸೋತ ಮುಖದಲ್ಲಿ ಚಿಕ್ಕಪ್ಪ ಸೌದೆ ತರಲು ಕೊಟ್ಟಿಗೆಗೆ ಹೋದರು. ಎರಡೇ ನಿಮಿಷಕ್ಕೆ ಕೈ ಒದರುತ್ತಾ ಓಡಿ ಬಂದರು. “ನಿನ್ನ ಜಗಳಗಂಟಿ ಕಚ್ಚಿದ್ಲು ಕಣೇ! ಸುಟ್ಟುಹೋದ ಬಲ್ಬಿನ ಮೇಲೆ ಕಾವಿಗೆ ಕೂತಿದ್ದಾಳೆ, ಎಬ್ಬಿಸಿದ್ರೂ ಏಳಲ್ಲ!”

ಜಗಳಗಂಟಿ ಎಂದರೆ ಅದರ ಹಿಂದಿನ ವರ್ಷ ತೊಡೆಯ ಪರೀಕ್ಷೆಯಲ್ಲಿ ಫೇಲಾದವಳು. ಬಡಗಿ ಕೊಂಡೊಯ್ದ ದಿನವೇ ಅವನ ಹೆಬ್ಬೆರಳಿಗೆ ಕುಟುಕಿ ವಾಪಸು ಬಂದಿದ್ದಳು. ಉಳಿ ಹಿಡಿಯುವ ಕೈಗೆ ಕುಟುಕಿದ್ದರಿಂದಲೇ ಉಳಿದವಳು. ಅಂದಿನಿಂದ ಸೌದೆ ಕೊಟ್ಟಿಗೆಯೇ ಅವಳ ಸೆರೆಮನೆ.

ಚಿಕ್ಕಮ್ಮ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಅವಳನ್ನು ನೋಡಿದರು. “ನಲವತ್ತು ವರ್ಷ ನಾನು ಏಳು ಅಂದ್ರೆ ಏಳೋವನ್ನೇ ಆರಿಸ್ದೆ” ಎಂದರು. “ಕಾವಿಗೆ ಕೂರೋದು ಯಾವ್ದು ಅಂತ ನೋಡ್ಲೇ ಇಲ್ಲ.”

ಚಿಕ್ಕಪ್ಪನ ಸ್ಕೂಟರಿನ ಗ್ಲೌಸು ತೊಟ್ಟು, ಬಲ್ಬು ತೆಗೆದು, ಹನ್ನೊಂದು ಮೊಟ್ಟೆಗಳನ್ನು ಒಂದೊಂದಾಗಿ ಅವಳಡಿಗೆ ಸರಿಸಿದರು. ಹನ್ನೊಂದಕ್ಕೂ ಒಂದೊಂದು ಕುಟುಕು ಗ್ಲೌಸಿಗೆ ಬಿತ್ತು. ಕೊನೆಯದಾದ ಮೇಲೆ ಜಗಳಗಂಟಿ ಮೈಯ ಗರಿಯನ್ನೆಲ್ಲ ಬಿಚ್ಚಿ ಹರಡಿ, ಹನ್ನೊಂದನ್ನೂ ಮುಚ್ಚಿ ಕೂತಳು. ಒಂದು ಹಿಡಿಯ ಕೋಳಿ ನೋಡನೋಡುತ್ತಾ ಒಂದು ಮೊರದಗಲ ಆಯಿತು.

ಆಮೇಲಿನದನ್ನು ನಾನೇ ಹೋಗಿ ನೋಡಿದೆ. ದಿನಕ್ಕೊಮ್ಮೆ ಏಳುವಳು, ನೀರು ಕಾಳು ಮುಗಿಸಿ ಹತ್ತೇ ನಿಮಿಷಕ್ಕೆ ಹಿಂದಿರುಗುವಳು. ಅಂಚಿನ ಮೊಟ್ಟೆಯನ್ನು ಕೊಕ್ಕಿನಿಂದ ನಡುವಿಗೆ, ನಡುವಿನದನ್ನು ಅಂಚಿಗೆ ಹೊರಳಿಸುವಳು. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆಯಿಲ್ಲ. ಎಂಟನೆಯ ದಿನ ಕಿಟಕಿಯಿಲ್ಲದ ಉಗ್ರಾಣದೊಳಗೆ ಚಿಕ್ಕಮ್ಮ ಒಂದು ಮೊಟ್ಟೆಯನ್ನು ಟಾರ್ಚಿಗೆ ಹಿಡಿದರು. ಒಳಗೆ ಕೆಂಪು ನೂಲುಗಳ ಬಲೆ, ಬಲೆಯ ನಡುವೆ ಸಾಸಿವೆಯಷ್ಟು ಒಂದು ಚುಕ್ಕೆ. ಚುಕ್ಕೆ ಮಿಡಿಯುತ್ತಿತ್ತು. ಯಾವುದಕ್ಕೂ ಒಂದು ಜೋಕು ಸಿದ್ಧವಿಟ್ಟುಕೊಳ್ಳುವ ಚಿಕ್ಕಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

ಇಪ್ಪತ್ತನೆಯ ದಿನ ಮಧ್ಯಾಹ್ನ ಜಗಳಗಂಟಿ ಮಾತಾಡತೊಡಗಿದಳು. ಜಗಳದ ದನಿಯಲ್ಲ, ಗಂಟಲೊಳಗಿನ ಸಣ್ಣ ಗುಟುರು. ಚಿಕ್ಕಮ್ಮ ನೆಲಕ್ಕೆ ಕಿವಿ ಹಚ್ಚಿ ಮಲಗಿ, ನನ್ನನ್ನೂ ಮಲಗಿಸಿದರು. ಅವಳು ಗುಟುರು ಹಾಕಿದಳು. ಮುಚ್ಚಿದ ಚಿಪ್ಪಿನೊಳಗಿಂದ ಕೂದಲೆಳೆಯಷ್ಟು ಸಣ್ಣದಾಗಿ ‘ಚಿಂವ್’ ಎಂದು ಉತ್ತರ ಬಂತು. ಬೆಳಕನ್ನೇ ಕಾಣದ ಜೀವ, ಕರೆದವರು ಯಾರೆಂದು ತಿಳಿದು ಓಗೊಟ್ಟಿತು! ಮರುದಿನ ಸಂಜೆಗೆ ಒಂಬತ್ತು ಮರಿಗಳು ಅವಳ ರೆಕ್ಕೆಯ ಸಂದಿಗಳಿಂದ ಇಣುಕುತ್ತಿದ್ದವು.

ಹುಂಜ ಇದೆಯೋ ಇಲ್ಲವೋ ತಿಳಿಯಲು ಎರಡು ತಿಂಗಳು ಕಾಯಬೇಕಾಯಿತು. ಮೂರರ ಜುಟ್ಟು ಕೆಂಪಾಯಿತು. ಒಂದು ಬೆಳಿಗ್ಗೆ ಅವುಗಳಲ್ಲೊಂದು ಬೇಲಿಯ ಮೇಲೆ ನಿಂತು ಎಣ್ಣೆ ಕಾಣದ ಗೇಟಿನಂತೆ ಕೂಗಿದಾಗ ಚಿಕ್ಕಮ್ಮ ಒಲೆಯ ಮೇಲಿನ ಹಾಲು ಮರೆತು ಓಡಿದರು.

ಮೂರು ತಿಂಗಳು ತುಂಬಿತು. ಬೆಂಚು, ಟೀ ಲೋಟ. ಚಿಕ್ಕಪ್ಪ ಆ ಕೂಗುಮಾರಿಯನ್ನೇ ಮೊದಲು ತಂದು ತೊಡೆಯ ಮೇಲಿಟ್ಟರು. ಎರಡನೇ ಗುಟುಕಿಗೆ ಅದು ಚಿಕ್ಕಮ್ಮನ ಹೆಬ್ಬೆರಳಿಗೆ ಬಲವಾಗಿ ಕುಟುಕಿತು.

“ಫೇಲು!” ಎಂದರು ಚಿಕ್ಕಪ್ಪ. “ಕಾವು ಕೊಟ್ಟವಳ ಬುದ್ಧಿ. ಬಡಗಿಗೆ ಹೇಳಿ ಕಳಿಸ್ಲಾ?”

ಚಿಕ್ಕಮ್ಮ ಬೆರಳನ್ನು ಸೆರಗಿಗೆ ಒರೆಸಿಕೊಂಡರು. ಮೂಲೆಯಲ್ಲಿ ಮಣ್ಣು ಕೆದರುತ್ತಿದ್ದ ಜಗಳಗಂಟಿಯತ್ತ ಒಮ್ಮೆ ನೋಡಿದರು.

“ಇವ್ನು ಇಲ್ಲೇ ಇರ್ತಾನೆ” ಎಂದರು. “ಬಡಗಿಗೆ ಒಂದು ಗಟ್ಟಿ ಗೂಡು ಮಾಡ್ಕೊಡೋಕೆ ಹೇಳಿ. ಅವ್ಳಿಗೆ.”